ಓದುಗರ ಪ್ರಶ್ನೆ: ಕಾಲೇಜು ಟೀಮ್ ಬಿಟ್ಟು ಈಗಲೇ ಎನ್‌ಬಿಎಗೆ ಹೋಗಬೇಕಾ?

ಪ್ರಶ್ನೆ: ನನ್ನ ಅಕ್ಕ-ಭಾವ ಅಮೆರಿಕದಲ್ಲಿದ್ದಾರೆ. ಅವರ ಮಗ ಅಲ್ಲೇ ಹುಟ್ಟಿ ಬೆಳೆದವನು. ಈಗ 20 ವರ್ಷ, ಕಾಲೇಜಿನಲ್ಲಿ ಎರಡನೇ ವರ್ಷ, ಡಿವಿಷನ್ ಒನ್ (ಕಾಲೇಜು ಆಟದ ಮೇಲಿನ ದರ್ಜೆ) ಟೀಮ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುತ್ತಾನೆ. ಈ ಸೀಸನ್ ಚೆನ್ನಾಗಿ ಆಡಿದ. ಅಲ್ಲಿಂದ ಒಬ್ಬ ಏಜೆಂಟ್ ದಿನಾ ಫೋನ್ ಮಾಡಿ ‘ಡ್ರಾಫ್ಟ್‌ಗೆ ಹೆಸರು ಕೊಡು, ಫಸ್ಟ್ ರೌಂಡ್ ಗ್ಯಾರಂಟಿ’ ಅನ್ನುತ್ತಿದ್ದಾನೆ. (ಡ್ರಾಫ್ಟ್ ಅಂದರೆ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಟೀಮ್‌ಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು.) ಇಂಟರ್ನೆಟ್‌ನಲ್ಲಿ ಬರುವ ಮಾಕ್ ಡ್ರಾಫ್ಟ್‌ಗಳಲ್ಲಿ (ಯಾರು ಎಷ್ಟನೆಯವರಾಗಿ ಆಯ್ಕೆಯಾಗಬಹುದು ಅನ್ನುವ ಊಹೆಯ ಪಟ್ಟಿಗಳಲ್ಲಿ) ಒಂದು ಕಡೆ ಅವನಿಗೆ 38ನೇ ಸ್ಥಾನ, ಇನ್ನೊಂದು ಕಡೆ 51, ಉಳಿದ ಕಡೆ ಹೆಸರೇ ಇಲ್ಲ. ಕೋಚ್ ‘ಇನ್ನೊಂದು ವರ್ಷ ಇರು, ಎಲ್ಲಾ ಸೇರಿ 10 ಲಕ್ಷ ಡಾಲರ್ ಬರುತ್ತೆ’ ಅಂದಿದ್ದಾರಂತೆ. ಭಾವ ‘ಬಂದ ಅವಕಾಶ ಬಿಡಬಾರದು’ ಅಂತಾರೆ. ಅಕ್ಕನಿಗೆ ಡಿಗ್ರಿ ಮುಗಿಯಲೇಬೇಕು. ಹುಡುಗ ನನಗೆ ಫೋನ್ ಮಾಡಿ ‘ಮಾಮ, ನೀನೇ ಹೇಳು’ ಅಂತಾನೆ. ನಾನೇನು ಹೇಳಲಿ?
– ಒಬ್ಬ ಸೋದರಮಾವ

ಉತ್ತರ: ನೇರವಾಗಿ ಹೇಳುತ್ತೇನೆ. ಹುಡುಗ ಡ್ರಾಫ್ಟ್‌ಗೆ ಹೆಸರು ಕೊಡಬಹುದು, ಆದರೆ ವಾಪಸ್ ಬರುವ ದಾರಿ ಇಟ್ಟುಕೊಂಡೇ ಕೊಡಬೇಕು. ಮೇ ತಿಂಗಳ ಕೊನೆಯೊಳಗೆ ಈ ‘ಫಸ್ಟ್ ರೌಂಡ್’ ಅನ್ನುವ ಮಾತನ್ನು ಆ ಏಜೆಂಟ್ ಬಿಟ್ಟು ಬೇರೆ ಯಾರೂ ಹೇಳದಿದ್ದರೆ, ಹೆಸರು ವಾಪಸ್ ತೆಗೆದುಕೊಂಡು ಕಾಲೇಜಿಗೇ ಹೋಗಲಿ. ನಿಮ್ಮ ಭಾವನವರಿಗೆ ಇದು ಹಿಡಿಸಲಿಕ್ಕಿಲ್ಲ. ಅವರ ಮಾತಿನಲ್ಲೂ ಹುರುಳಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಎನ್‌ಬಿಎ ಡ್ರಾಫ್ಟ್‌ನಲ್ಲಿ ಎರಡು ರೌಂಡ್, ಒಂದೊಂದರಲ್ಲಿ 30 ಸ್ಥಾನ. 30ನೆಯವನಿಗೂ 31ನೆಯವನಿಗೂ ಏನು ಮಹಾ ವ್ಯತ್ಯಾಸ ಅಂತ ಯಾರಿಗಾದರೂ ಅನಿಸುತ್ತದೆ. ಆಟದಲ್ಲಿ ವ್ಯತ್ಯಾಸ ಇಲ್ಲದೇ ಇರಬಹುದು. ಒಪ್ಪಂದದಲ್ಲಿ ಇದೆ. ಮೊದಲ 30ರಲ್ಲಿ ಬಂದವನಿಗೆ ಎಷ್ಟು ಸಂಬಳ ಅಂತ ಸ್ಥಾನದ ಪ್ರಕಾರ ಮೊದಲೇ ಗೊತ್ತುಮಾಡಿದ ಪಟ್ಟಿ ಇದೆ. ಅವನಿಗೆ ಮೊದಲ ಎರಡು ವರ್ಷದ ದುಡ್ಡು ಖಾತ್ರಿ, ಮಂಡಿ ಮುರಿದುಕೊಂಡು ಕೂತರೂ ಬರುತ್ತದೆ. ಮೂರನೇ ಮತ್ತು ನಾಲ್ಕನೇ ವರ್ಷ ಇಟ್ಟುಕೊಳ್ಳುವುದು ಬಿಡುವುದು ಟೀಮ್‌ಗೆ ಬಿಟ್ಟದ್ದು. 2025ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಡಲ್ಲಾಸ್ ಮ್ಯಾವರಿಕ್ಸ್‌ಗೆ ಹೋದ ಕೂಪರ್ ಫ್ಲ್ಯಾಗ್‌ಗೆ ಮೊದಲ ವರ್ಷಕ್ಕೇ ಸುಮಾರು 1.38 ಕೋಟಿ ಡಾಲರ್. ರೌಂಡ್‌ನ ಕೊನೆಯವನಿಗೂ 20 ಲಕ್ಷ ಡಾಲರ್‌ಗಿಂತ ಜಾಸ್ತಿ.

ಎರಡನೇ ರೌಂಡ್‌ನವನಿಗೆ ಈ ಪಟ್ಟಿ ಇಲ್ಲ, ಖಾತ್ರಿಯೂ ಇಲ್ಲ. ಟೀಮ್ ಮನಸ್ಸು ಮಾಡಿದರೆ ಪೂರ್ತಿ ಒಪ್ಪಂದ ಕೊಡಬಹುದು. ಇಲ್ಲದಿದ್ದರೆ ‘ಟೂ-ವೇ’ ಅನ್ನುವ ಒಪ್ಪಂದ ಕೊಡುತ್ತದೆ. ಅಂದರೆ ಅರ್ಧ ಎನ್‌ಬಿಎ, ಅರ್ಧ ಜಿ ಲೀಗ್. ಜಿ ಲೀಗ್ ಎಂದರೆ ಎನ್‌ಬಿಎಯ ಕೆಳಗಿನ ಲೀಗ್. ಟೂ-ವೇ ಆಟಗಾರ ಎನ್‌ಬಿಎ ಟೀಮ್ ಜೊತೆ ಸೀಸನ್‌ಗೆ 50 ಪಂದ್ಯದವರೆಗೆ ಮಾತ್ರ ಇರಬಹುದು, ಒಂದು ಟೀಮ್‌ಗೆ ಅಂಥ ಜಾಗ ಮೂರೇ ಮೂರು. 2025-26ರಲ್ಲಿ ಅದರ ಸಂಬಳ 6,36,435 ಡಾಲರ್. ಅದೂ ಸಿಗದಿದ್ದರೆ ಜಿ ಲೀಗ್‌ನ ಸಾಮಾನ್ಯ ಸಂಬಳ, ಅದು ಇಡೀ ಸೀಸನ್‌ಗೆ 40 ಸಾವಿರ ಡಾಲರ್‌ಗಿಂತ ಸ್ವಲ್ಪ ಮೇಲೆ. ಇಲ್ಲವೇ ಹೊರದೇಶದ ಯಾವುದಾದರೂ ಲೀಗ್ ಹುಡುಕಬೇಕು.

ಈಗ ಕೋಚ್ ಹೇಳಿದ 10 ಲಕ್ಷ ಡಾಲರ್ ಇದರ ಪಕ್ಕದಲ್ಲಿಟ್ಟು ನೋಡಿ. 38ನೇ ಸ್ಥಾನದ ಹುಡುಗನಿಗೆ ಕಾಲೇಜಿನಲ್ಲಿ ಉಳಿದರೇ ಜಾಸ್ತಿ ದುಡ್ಡು ಅಲ್ವಾ? ಐದಾರು ವರ್ಷದ ಹಿಂದೆ ಇಂಥ ಲೆಕ್ಕ ಹಾಕುವ ಪ್ರಶ್ನೆಯೇ ಇರಲಿಲ್ಲ. ಆಗ ಕಾಲೇಜಿನಲ್ಲಿ ಉಳಿದವನಿಗೆ ಸ್ಕಾಲರ್‌ಶಿಪ್, ಊಟ, ವಸತಿ, ಅಷ್ಟೆ. ಜಾಹೀರಾತಿಗೆ ತನ್ನ ಹೆಸರು ಕೊಟ್ಟು ನಾಲ್ಕು ಕಾಸು ಪಡೆದರೂ ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಆಡಲು ಬಿಡುತ್ತಿರಲಿಲ್ಲ. ಮನೆಯಲ್ಲಿ ಬಡತನ ಇದ್ದ ಹುಡುಗರು ಎರಡನೇ ರೌಂಡ್ ಆದರೂ ಸರಿ ಅಂತ ಓಡುತ್ತಿದ್ದರು, ಅವರನ್ನು ತಪ್ಪು ಅನ್ನುವ ಹಾಗೇ ಇರಲಿಲ್ಲ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಸಂಪಾದಿಸಬಹುದು ಅಂತಾಯಿತು. ಅದನ್ನೇ ಎನ್‌ಐಎಲ್ ಅನ್ನುವುದು. 2025ರ ಜೂನ್‌ನಲ್ಲಿ, ಕಾಲೇಜು ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಪ್ರಕರಣದ ರಾಜಿಗೆ ಕೋರ್ಟ್ ಒಪ್ಪಿಗೆ ಕೊಟ್ಟ ಮೇಲೆ ಕಾಲೇಜುಗಳೇ ನೇರವಾಗಿ ದುಡ್ಡು ಕೊಡಬಹುದು, 2025-26ಕ್ಕೆ ಎಲ್ಲಾ ಆಟಗಳೂ ಸೇರಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ. ಪರಿಣಾಮ ನೋಡಿ: 2021ರಲ್ಲಿ ಅವಧಿಗೆ ಮೊದಲೇ ಡ್ರಾಫ್ಟ್‌ಗೆ ಹೆಸರು ಕೊಟ್ಟವರು 350ಕ್ಕೂ ಹೆಚ್ಚು, 2025ರಲ್ಲಿ 106. ಹುಡುಗರು ಲೆಕ್ಕ ಕಲಿತಿದ್ದಾರೆ.

ಆದರೆ ಕೋಚ್ ಬಾಯಲ್ಲಿ ಹೇಳಿದ 10 ಲಕ್ಷವನ್ನು ಕೈಗೆ ಬಂದ ದುಡ್ಡು ಅಂದುಕೊಳ್ಳಬೇಡಿ. ಅದರಲ್ಲಿ ಕಾಲೇಜು ನೇರವಾಗಿ ಕೊಡುವುದೆಷ್ಟು, ಹೊರಗಿನ ಕಂಪನಿಗಳಿಂದ ಬರಬೇಕಾದದ್ದೆಷ್ಟು ಅಂತ ಬಿಡಿಸಿ ಕೇಳಬೇಕು. ಹೊರಗಿನ ಒಪ್ಪಂದ 600 ಡಾಲರ್ ಅಥವಾ ಅದಕ್ಕಿಂತ ಜಾಸ್ತಿಯದಾದರೆ ಪರಿಶೀಲನೆಗೆ ಹೋಗುತ್ತದೆ, ಅಲ್ಲಿ ‘ಇದು ನಿಜವಾದ ಜಾಹೀರಾತಿನ ಬೆಲೆ ಅಲ್ಲ’ ಅನ್ನಿಸಿದರೆ ನಿಂತುಹೋಗಬಹುದು. ಕೋಚ್ ಬೇರೆ ಕಾಲೇಜಿಗೆ ಹೋದರೆ ಏನು? ಹುಡುಗನಿಗೆ ಗಾಯವಾದರೆ ಏನು? ಮಧ್ಯದಲ್ಲಿ ಬಿಟ್ಟರೆ ವಾಪಸ್ ಕಟ್ಟಬೇಕಾ? ಎಲ್ಲಾ ಕಾಗದದ ಮೇಲೆ ಇರಬೇಕು, ಆ ಕಾಗದವನ್ನು ಕಾಲೇಜಿಗೂ ಏಜೆಂಟ್‌ಗೂ ಸಂಬಂಧವಿಲ್ಲದ ಒಬ್ಬ ವಕೀಲರು ಓದಬೇಕು. ಈ ಖರ್ಚಿಗೆ ಮಾತ್ರ ಭಾವನವರು ಹಿಂದೆಮುಂದೆ ನೋಡಬಾರದು.

ಇನ್ನು ಆ ಏಜೆಂಟ್ ವಿಷಯ. ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ನಾನು ಹೇಳುವುದಿಲ್ಲ. ಆದರೆ ಆಟಗಾರರ ಸಂಘದ ನಿಯಮದಂತೆ ಎನ್‌ಬಿಎ ಒಪ್ಪಂದದಲ್ಲಿ ಶೇ. 4ರವರೆಗೆ ಅವನಿಗೆ ಹೋಗುತ್ತದೆ, ಹುಡುಗ ಹೋದರೇ ಅವನಿಗೆ ಸಂಪಾದನೆ. ‘ಗ್ಯಾರಂಟಿ’ ಅನ್ನುವ ಮಾತು ಇಲ್ಲಿ ಯಾರೂ ಆಡುವಂತಿಲ್ಲ. ಆರಿಸುವುದು 30 ಟೀಮ್‌ಗಳು, ಅವರ ಮನಸ್ಸು ಡ್ರಾಫ್ಟ್ ರಾತ್ರಿಯವರೆಗೂ ಬದಲಾಗುತ್ತಲೇ ಇರುತ್ತದೆ. ಮಾಕ್ ಡ್ರಾಫ್ಟ್‌ಗಳನ್ನೂ ಸುಮ್ನೆ ದಿನಾ ನೋಡುತ್ತಾ ಕೂರಬೇಡಿ ಅಂತ ಹುಡುಗನಿಗೆ ಹೇಳಿ.

ನಿಜ ತಿಳಿಯಲು ಬೇರೆ ದಾರಿ ಇದೆ. ಎನ್‌ಬಿಎಯಲ್ಲಿ ಕಾಲೇಜು ಆಟಗಾರರಿಗಾಗಿಯೇ ಒಂದು ಸಲಹಾ ಸಮಿತಿ ಇದೆ. ಕೇಳಿಕೊಂಡರೆ ಟೀಮ್‌ಗಳ ಅಭಿಪ್ರಾಯ ಸೇರಿಸಿ, ಯಾವ ಜಾಗದ ಆಸುಪಾಸಿನಲ್ಲಿ ಬರಬಹುದು ಅಂತ ತಿಳಿಸುತ್ತಾರೆ. ಹಾಗೆ ಕೇಳಿಕೊಂಡ ಆಟಗಾರ ಎನ್‌ಸಿಎಎ ಮಾನ್ಯ ಮಾಡಿದ ಏಜೆಂಟ್‌ನ ಸಹಾಯ ಪಡೆಯಬಹುದು, ಕಾಲೇಜಿಗೆ ಮರಳುವುದಾದರೆ ಆ ಸಂಬಂಧ ಮುಗಿಸಬೇಕು. ಆದ್ದರಿಂದ ಮೊದಲು ಕೇಳಬೇಕಾದ್ದು, ಈ ಫೋನ್ ಮಾಡುವವನ ಹೆಸರು ಆ ಮಾನ್ಯ ಪಟ್ಟಿಯಲ್ಲಿದೆಯಾ ಅಂತ. ಇಲ್ಲದವನ ಜೊತೆ ಎನ್‌ಬಿಎ ವಿಷಯಕ್ಕೆ ಸಹಿ ಹಾಕಿದರೆ ಕಾಲೇಜು ಆಟಕ್ಕೇ ಕುತ್ತು ಬರುತ್ತದೆ.

ಆಮೇಲೆ ಮೇ ತಿಂಗಳಲ್ಲಿ ಶಿಕಾಗೋದಲ್ಲಿ ಕಂಬೈನ್, ಅಂದರೆ ಟೀಮ್‌ಗಳ ಮುಂದೆ ಆಟಗಾರರನ್ನು ಪರೀಕ್ಷಿಸುವ ಶಿಬಿರ, ನಡೆಯುತ್ತದೆ. ಅದಕ್ಕೆ ಕರೆ ಬಂತಾ ಇಲ್ವಾ ಅನ್ನುವುದೇ ದೊಡ್ಡ ಸೂಚನೆ. ಕರೆ ಬರದ ಹುಡುಗ ಫಸ್ಟ್ ರೌಂಡ್‌ಗೆ ಹೋಗುವುದು ತೀರಾ ಅಪರೂಪ. ಅಲ್ಲಿ ಶೂ ಬಿಚ್ಚಿಸಿ, ಗೋಡೆಗೆ ನಿಲ್ಲಿಸಿ ಎತ್ತರ ಅಳೆಯುತ್ತಾರೆ. ಕಾಲೇಜಿನ ಪಟ್ಟಿಯಲ್ಲಿ ಆರಡಿ ಏಳಿಂಚು ಇದ್ದವನು ಬರಿಗಾಲಲ್ಲಿ ಆರಡಿ ಐದೂವರೆ ಆಗಿಬಿಡುವುದುಂಟು. ಎರಡೂ ಕೈ ಚಾಚಿದ ಅಳತೆ, ನಿಂತು ಕೈ ಎತ್ತಿದಾಗ ಎಲ್ಲಿಗೆ ಮುಟ್ಟುತ್ತದೆ, ಜಿಗಿತ, ಓಟ, ಶೂಟಿಂಗ್, ಎಲ್ಲಾ ಬರೆದುಕೊಳ್ಳುತ್ತಾರೆ. ರಾತ್ರಿಹೊತ್ತು ಟೀಮ್‌ನವರು ಕೂರಿಸಿಕೊಂಡು ‘ಆ ಪಂದ್ಯದಲ್ಲಿ ಕೊನೆಯ ಎರಡು ನಿಮಿಷ ಯಾಕೆ ಹಾಗೆ ಆಡಿದೆ?’ ಅಂತ ಕೇಳುತ್ತಾರೆ. ಇಷ್ಟಾದ ಮೇಲೆ ಬರುವ ಅಭಿಪ್ರಾಯವೇ ನಂಬಬೇಕಾದ್ದು. ವಾಪಸ್ ಬಂದರೂ ಅಷ್ಟು ಕಲಿತು ಬಂದಿರುತ್ತಾನೆ, ಹಾಗಾಗಿ ಹೆಸರು ಕೊಡುವುದರಲ್ಲಿ ತಪ್ಪಿಲ್ಲ ಅಂದದ್ದು.

ಒಂದು ಎಚ್ಚರ. ಹೆಸರು ವಾಪಸ್ ಪಡೆಯಲು ಎರಡು ಗಡುವುಗಳಿವೆ. ಎನ್‌ಸಿಎಎದು ಮೊದಲು ಬರುತ್ತದೆ, 2025ರಲ್ಲಿ ಮೇ 28 ಇತ್ತು. ಎನ್‌ಬಿಎದು ಜೂನ್ ಮಧ್ಯಕ್ಕೆ. ಕಾಲೇಜಿಗೆ ಮರಳುವವನಿಗೆ ಲೆಕ್ಕಕ್ಕೆ ಬರುವುದು ಮೊದಲನೆಯದು ಮಾತ್ರ. ಆ ವರ್ಷದ ತಾರೀಖು ಯಾವುದು ಅಂತ ಕಾಲೇಜಿನ ನಿಯಮಪಾಲನೆ ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಲಿ. ಬೇರೆ ಕಾಲೇಜಿಗೆ ಹೋಗುವ ಯೋಚನೆ ಇದ್ದರೆ ಅದಕ್ಕೆ ಟ್ರಾನ್ಸ್‌ಫರ್ ಪೋರ್ಟಲ್‌ನ (ಕಾಲೇಜು ಬದಲಿಸುವವರು ಹೆಸರು ಕೊಡುವ ಪಟ್ಟಿ) ಗಡುವು ಬೇರೆ, ಅದು ಇನ್ನೂ ಮುಂಚೆ ಮುಗಿಯುತ್ತದೆ. 2025ರಲ್ಲಿ ಯಾಕ್ಸೆಲ್ ಲೆಂಡೆಬೋರ್ಗ್ ಅನ್ನುವ ಆಟಗಾರ ಪೋರ್ಟಲ್‌ಗೂ ಡ್ರಾಫ್ಟ್‌ಗೂ ಎರಡಕ್ಕೂ ಹೆಸರು ಕೊಟ್ಟು, ಕೊನೆಗೆ ಡ್ರಾಫ್ಟ್‌ನಿಂದ ಹಿಂದೆ ಸರಿದು ಮಿಶಿಗನ್ ಸೇರಿದ.

ಈಗ ಭಾವನವರ ಮಾತು. ‘ಬಂದ ಅವಕಾಶ ಬಿಡಬಾರದು’ ಅನ್ನುವುದು ಫಸ್ಟ್ ರೌಂಡ್ ಹುಡುಗನಿಗೆ ಅಕ್ಷರಶಃ ಸರಿ. ಯಾಕೆಂದರೆ ಎನ್‌ಬಿಎಯಲ್ಲಿ ದೊಡ್ಡ ದುಡ್ಡು ಇರುವುದು ಎರಡನೇ ಒಪ್ಪಂದದಲ್ಲಿ. ಮೊದಲ ನಾಲ್ಕು ವರ್ಷ ಎಷ್ಟೇ ಚೆನ್ನಾಗಿ ಆಡಿದರೂ ಸಂಬಳ ಪಟ್ಟಿಯಲ್ಲಿದ್ದಷ್ಟೇ. 19ಕ್ಕೆ ಒಳಗೆ ಹೋದವನಿಗೆ 23ಕ್ಕೆ ಆ ನಾಲ್ಕು ವರ್ಷ ಮುಗಿಯುತ್ತದೆ, 22ಕ್ಕೆ ಹೋದವನಿಗೆ 26ಕ್ಕೆ. ಮೈಯಲ್ಲಿ ಕಸುವಿರುವ ಮೂರು ವರ್ಷ ಅಂದರೆ ಸಣ್ಣದಲ್ಲ. ಜೊತೆಗೆ ಟೀಮ್‌ಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ವಯಸ್ಸು ನೋಡುತ್ತಾರೆ. 19ರವನ ತಪ್ಪನ್ನು ‘ಇನ್ನೂ ಹುಡುಗ, ಕಲಿಯುತ್ತಾನೆ’ ಅನ್ನುತ್ತಾರೆ, ಅದೇ ತಪ್ಪು 22ರವನು ಮಾಡಿದರೆ ‘ಇವನು ಇಷ್ಟೇ’ ಅನ್ನುತ್ತಾರೆ. ಇದು ನನಗೆ ಬೇಸರ ತರಿಸುವ ವಿಷಯ, ಆದರೆ ಹಾಗೇ ಇದೆ.

ಹಾಗಂತ ಕಾಲೇಜಿನಲ್ಲೇ ಉಳಿದವರಿಗೆಲ್ಲಾ ಒಳ್ಳೆಯದೇ ಆಗಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇವಾನ್ ರ್‍ಯಾಬ್ 2016ರಲ್ಲಿ ಹೋಗಿದ್ದರೆ ಫಸ್ಟ್ ರೌಂಡ್‌ನಲ್ಲಿ ಮೇಲೇ ಇರುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದರು. ಉಳಿದ. 2017ರಲ್ಲಿ 35ನೇ ಸ್ಥಾನ ಬಂತು. 2021ರಲ್ಲಿ ಯುಸಿಎಲ್‌ಎ ಕಾಲೇಜು ಫೈನಲ್ ಫೋರ್‌ಗೆ (ಕಾಲೇಜು ಟೂರ್ನಿಯ ಕೊನೆಯ ನಾಲ್ಕಕ್ಕೆ) ಹೋದಾಗ ಜಾನಿ ಜುಝಾಂಗ್ ಮನೆಮಾತಾಗಿದ್ದ. ಡ್ರಾಫ್ಟ್‌ಗೆ ಹೆಸರು ಕೊಟ್ಟು ವಾಪಸ್ ಬಂದ, 2022ರಲ್ಲಿ ಯಾರೂ ಆರಿಸಲಿಲ್ಲ, ಟೂ-ವೇ ಒಪ್ಪಂದದಿಂದ ಶುರು ಮಾಡಬೇಕಾಯಿತು. ಇನ್ನೊಂದು ಕಡೆ ಪರ್ಡ್ಯೂ ಕಾಲೇಜಿನ ಝ್ಯಾಕ್ ಈಡಿ 2023ರಲ್ಲಿ ಹಿಂದೆ ಸರಿದ. ಮುಂದಿನ ವರ್ಷ ಟೀಮನ್ನು ಫೈನಲ್‌ವರೆಗೆ ಒಯ್ದು, 2024ರಲ್ಲಿ 9ನೆಯವನಾಗಿ ಮೆಂಫಿಸ್‌ಗೆ ಹೋದ. (ಅವನು ಕೆನಡಾದವನು, ವಿದ್ಯಾರ್ಥಿ ವೀಸಾದಲ್ಲಿದ್ದ ಕಾರಣ ಎನ್‌ಐಎಲ್ ದುಡ್ಡಿಗೆ ತೊಡಕಿತ್ತು. ನಿಮ್ಮ ಹುಡುಗ ಅಲ್ಲೇ ಹುಟ್ಟಿದವನಾದ್ದರಿಂದ ಆ ಚಿಂತೆ ಇಲ್ಲ.)

ಹಾಗಾದರೆ ಉಳಿಯುವುದು ಯಾವಾಗ ಸರಿ? ನನಗೆ ಕಾಣುವ ಹಾಗೆ, ಉಳಿದು ಏನು ಕಲಿಯಬೇಕು ಅಂತ ಗೊತ್ತಿದ್ದಾಗ. ಸ್ಟೆಫ್ ಕರ್ರಿ 2008ರಲ್ಲಿ ಡೇವಿಡ್‌ಸನ್ ಅನ್ನುವ ಸಣ್ಣ ಕಾಲೇಜನ್ನು ಕೊನೆಯ ಎಂಟರವರೆಗೆ ಎಳೆದುಕೊಂಡು ಹೋದ, ಆಗಲೇ ಹೋಗಬಹುದಿತ್ತು. ಆದರೆ ಅಲ್ಲಿಯವರೆಗೆ ಚೆಂಡು ತರುವ ಕೆಲಸ ಬೇರೆಯವನದಾಗಿತ್ತು. ಎನ್‌ಬಿಎಯಲ್ಲಿ ತನ್ನ ಎತ್ತರಕ್ಕೆ ಆ ಕೆಲಸ ಮಾಡುವ ಪಾಯಿಂಟ್ ಗಾರ್ಡ್ ಆಗಿಯೇ ಆಡಬೇಕು ಅಂತ ತಿಳಿದು, ಅದನ್ನು ಕಲಿಯಲು ಮೂರನೇ ವರ್ಷ ಉಳಿದ. 2009ರಲ್ಲಿ 7ನೇ ಸ್ಥಾನ. ನಿಮ್ಮ ಹುಡುಗನಿಗೂ ಟೀಮ್‌ಗಳು ಒಂದು ಕೊರತೆ ಹೇಳಿಯೇ ಹೇಳುತ್ತವೆ. ಅದು ಮೂರು ಪಾಯಿಂಟ್ ಶಾಟ್ ಇರಬಹುದು, ಡಿಫೆನ್ಸ್ ಇರಬಹುದು. ಒಂದು ವರ್ಷದಲ್ಲಿ ಸರಿಪಡಿಸಬಹುದಾದ್ದಾ? ಈ ಕೋಚ್ ಅದಕ್ಕೆ ಬೇಕಾದ ಜಾಗದಲ್ಲಿ ಅವನನ್ನು ಆಡಿಸುತ್ತಾರಾ? ಎರಡಕ್ಕೂ ಹೌದು ಅಂತಾದರೆ ಉಳಿಯಲಿ. ಕೊರತೆ ಎತ್ತರದ್ದು ಅಂತಾದರೆ ಇನ್ನೊಂದು ವರ್ಷದಿಂದ ಅದು ತುಂಬುವುದಿಲ್ಲ, ಆಗ ದುಡ್ಡಿನ ಲೆಕ್ಕ ಮಾತ್ರ ನೋಡಬೇಕು. ಗಾಯಕ್ಕೆ ವಿಮೆ ಸಿಗುತ್ತದೆ, ಕಾಲೇಜೇ ಪ್ರೀಮಿಯಂ ಕಟ್ಟುತ್ತದಾ ಅಂತ ಕೇಳಿ.

ಎರಡನೇ ರೌಂಡ್ ಎಂದರೆ ಎಲ್ಲಾ ಮುಗಿಯಿತು ಅಂತಲೂ ಅಲ್ಲ. ಜೇಲೆನ್ ಬ್ರನ್ಸನ್ ವಿಲನೋವಾದಲ್ಲಿ ಮೂರೇ ವರ್ಷದಲ್ಲಿ ಡಿಗ್ರಿ ಮುಗಿಸಿ, ಎರಡು ಚಾಂಪಿಯನ್‌ಶಿಪ್ ಗೆದ್ದು, 2018ರಲ್ಲಿ 33ನೆಯವನಾಗಿ ಹೋದ. 2022ರಲ್ಲಿ ನ್ಯೂಯಾರ್ಕ್ ನಿಕ್ಸ್ ಅವನಿಗೆ ನಾಲ್ಕು ವರ್ಷಕ್ಕೆ 10.4 ಕೋಟಿ ಡಾಲರ್ ಕೊಟ್ಟಿತು. ನಿಮ್ಮ ಅಕ್ಕನವರಿಗೆ ಈ ಉದಾಹರಣೆ ಹೇಳಿ. ಬೇಸಿಗೆಯಲ್ಲೂ ಕ್ಲಾಸ್ ಮಾಡಿದರೆ ನಿಮ್ಮ ಹುಡುಗನೂ ಮುಂದಿನ ಮೇ ಹೊತ್ತಿಗೆ ಡಿಗ್ರಿಗೆ ಬಹಳ ಹತ್ತಿರ ಬಂದಿರುತ್ತಾನೆ.

ಹುಡುಗನ ಹತ್ತಿರ ನೀವು ಕೇಳಬೇಕಾದ್ದು ಒಂದೇ: ‘ಅಕ್ಟೋಬರ್‌ನಲ್ಲಿ ಸೀಸನ್ ಶುರುವಾದಾಗ ನೀನು ಯಾವ ಟೀಮ್‌ನಲ್ಲಿ, ಎಷ್ಟು ನಿಮಿಷ ಆಡ್ತಿರ್ತೀಯ ಕಂದಾ?’ ಏಜೆಂಟ್ ಹೇಳಿದ್ದು, ಅಪ್ಪ ಹೇಳಿದ್ದು, ಗೆಳೆಯರು ಹೇಳಿದ್ದು ಎಲ್ಲಾ ಬಿಟ್ಟು ಅವನೇ ಯೋಚಿಸಿ ಉತ್ತರ ಕೊಡಲಿ. ಇಪ್ಪತ್ತು ವರ್ಷದ ಹುಡುಗ ಬೆಂಚ್ ಮೇಲೆ ಕೂತು ಬೆಳೆಯುವುದಿಲ್ಲ, ಆಡಬೇಕು. ಅವನು ಅಪ್ಪ-ಅಮ್ಮ ಇಬ್ಬರನ್ನೂ ಬಿಟ್ಟು ನಿಮಗೆ ಫೋನ್ ಮಾಡಿದ್ದಾನೆ ಅಂದರೆ ಮನೆಯಲ್ಲಿ ಮಾತು ಬಿಗಿಯಾಗಿದೆ ಅಂತ ಅರ್ಥ. ದಯವಿಟ್ಟು ಯಾರ ಪಕ್ಷವನ್ನೂ ವಹಿಸಬೇಡಿ, ಅವನ ಮಾತು ಪೂರ್ತಿ ಕೇಳಿಸಿಕೊಳ್ಳಿ.

ಪ್ರಶ್ನೆ: ಕಾಲೇಜು ಅರ್ಧಕ್ಕೆ ಬಿಟ್ಟು ಹೋದ ಆಟಗಾರರು ಆಮೇಲೆ ಓದು ಮುಗಿಸುತ್ತಾರಾ, ಅಥವಾ ಅದೆಲ್ಲಾ ಬರೀ ಮಾತಾ?

ಉತ್ತರ: ಮುಗಿಸಿದವರಿದ್ದಾರೆ. ಶಕೀಲ್ ಓನೀಲ್ 1992ರಲ್ಲಿ ಎಲ್‌ಎಸ್‌ಯು ಕಾಲೇಜು ಬಿಟ್ಟರು, 2000ದಲ್ಲಿ ಡಿಗ್ರಿ ಪಡೆದರು. ಕರ್ರಿ 2022ರಲ್ಲಿ ಮುಗಿಸಿದರು. ನನಗೆ ತುಂಬಾ ಇಷ್ಟವಾದದ್ದು ವಿನ್ಸ್ ಕಾರ್ಟರ್ ಅವರದು. ನಾರ್ತ್ ಕ್ಯಾರೊಲಿನಾದಲ್ಲಿ ಮೂರು ವರ್ಷ ಓದಿ 1998ರಲ್ಲಿ ಎನ್‌ಬಿಎಗೆ ಹೋದವರು. 2001ರ ಮೇ 20ರಂದು ಅವರ ಪದವಿ ಸಮಾರಂಭ. ಅದೇ ದಿನ ಫಿಲಡೆಲ್ಫಿಯಾದಲ್ಲಿ ಅವರ ಟೊರಾಂಟೊ ಟೀಮ್‌ಗೆ ಸರಣಿಯ ಏಳನೇ ಪಂದ್ಯ, ಸೋತರೆ ಮನೆಗೆ. ಬೆಳಿಗ್ಗೆ ವಿಮಾನದಲ್ಲಿ ಹೋಗಿ ಗೌನ್ ತೊಟ್ಟು ಸಮಾರಂಭಕ್ಕೆ ನಿಂತು, ಮತ್ತೆ ಹಾರಿ ಬಂದು ಆಡಿದರು. ಕೊನೆಯ ಶಾಟ್ ಅವರದೇ, ಬೀಳಲಿಲ್ಲ, ಟೀಮ್ ಒಂದು ಪಾಯಿಂಟ್‌ನಿಂದ ಸೋತಿತು. ಪದವಿಗೆ ಹೋದದ್ದಕ್ಕೇ ಸೋತರು ಅಂತ ಬೈದವರು ಬಹಳ ಜನ. ಅಮ್ಮನಿಗೆ ಕೊಟ್ಟ ಮಾತು ಉಳಿಸಿಕೊಂಡವರನ್ನು ಹಾಗೆ ಬೈಯುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಪ್ರಶ್ನೆ: ಹೀಗೆ ಮಧ್ಯದಲ್ಲಿ ಹೋಗಬಹುದು ಅನ್ನುವ ನಿಯಮ ಬಂದದ್ದು ಹೇಗೆ?

ಉತ್ತರ: ಸ್ಪೆನ್ಸರ್ ಹೇವುಡ್ ಅವರಿಂದ. ಮಿಸಿಸಿಪ್ಪಿಯ ಹತ್ತಿ ಹೊಲದಲ್ಲಿ ಕೂಲಿ ಮಾಡಿ ಬೆಳೆದವರು, 1968ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಆಗ ಹೈಸ್ಕೂಲ್ ಮುಗಿದು ನಾಲ್ಕು ವರ್ಷ ಆಗದೆ ಎನ್‌ಬಿಎ ಯಾರನ್ನೂ ಸೇರಿಸುತ್ತಿರಲಿಲ್ಲ. 1970ರಲ್ಲಿ ಸಿಯಾಟಲ್ ಟೀಮ್ ಅವರಿಗೆ ಸಹಿ ಹಾಕಿಸಿತು, ವಿಷಯ ಕೋರ್ಟ್ ಮೆಟ್ಟಿಲೇರಿತು. 1971ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ಆದೇಶ ಕೊಟ್ಟಿತು. ಆ ನಡುವೆ ಕೆಲವು ಊರುಗಳಲ್ಲಿ ‘ಅಂಗಳದಲ್ಲಿ ಅಕ್ರಮ ಆಟಗಾರನಿದ್ದಾನೆ’ ಅಂತ ಮೈಕ್‌ನಲ್ಲಿ ಕೂಗಿ ಹೇಳುತ್ತಿದ್ದರಂತೆ, ಅದನ್ನು ಅವರೇ ನೆನೆಸಿಕೊಂಡಿದ್ದಾರೆ. ಮುಂದೆ ಗಾರ್ನೆಟ್, ಕೋಬಿ, ಲೆಬ್ರಾನ್ ಹೈಸ್ಕೂಲ್‌ನಿಂದಲೇ ನೇರವಾಗಿ ಹೋದರು. 2006ರ ಡ್ರಾಫ್ಟ್‌ನಿಂದ 19 ವರ್ಷ ತುಂಬುವ ಮತ್ತು ಹೈಸ್ಕೂಲ್ ಮುಗಿದು ಒಂದು ವರ್ಷ ಆಗಿರಬೇಕಾದ ನಿಯಮ ಬಂತು.

ಪ್ರಶ್ನೆ: ನಮ್ಮ ಭಾರತ ಮೂಲದವರು ಯಾರಾದರೂ ಹೀಗೆ ಬೇಗ ಹೋದದ್ದುಂಟಾ?

ಉತ್ತರ: ಇದ್ದಾರೆ. ಕೆನಡಾದ ಸಿಮ್ ಭುಲ್ಲರ್ ನ್ಯೂ ಮೆಕ್ಸಿಕೋ ಸ್ಟೇಟ್ ಕಾಲೇಜಿನಲ್ಲಿ ಎರಡು ವರ್ಷ ಆಡಿ 2014ರಲ್ಲಿ ಡ್ರಾಫ್ಟ್‌ಗೆ ಹೋದರು. ಯಾರೂ ಆರಿಸಲಿಲ್ಲ. 2015ರಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಹತ್ತು ದಿನದ ಒಪ್ಪಂದ ಕೊಟ್ಟಿತು, ಮೂರು ಪಂದ್ಯ ಆಡಿದರು. ಎನ್‌ಬಿಎಯಲ್ಲಿ ಆಡಿದ ಮೊದಲ ಭಾರತ ಮೂಲದ ಆಟಗಾರ ಅವರೇ. ಪಂಜಾಬಿನ ಸತ್ನಾಮ್ ಸಿಂಗ್ ಕಾಲೇಜು ಆಟವನ್ನೇ ಆಡದೆ 2015ರಲ್ಲಿ 52ನೆಯವರಾಗಿ ಡಲ್ಲಾಸ್‌ಗೆ ಆಯ್ಕೆಯಾದರು, ಆದರೆ ಎನ್‌ಬಿಎ ಪಂದ್ಯ ಆಡಲು ಸಿಗಲೇ ಇಲ್ಲ. ಎರಡನೇ ರೌಂಡ್‌ನ ಕೊನೆ ಅಂದರೆ ಏನು ಅಂತ ಮೇಲೆ ಬರೆದದ್ದಕ್ಕೆ ಇದೂ ಒಂದು ಸಾಕ್ಷಿ.

ಪ್ರಶ್ನೆ: ಹುಡುಗಿಯರಿಗೂ ಇದೇ ನಿಯಮವಾ?

ಉತ್ತರ: ಇಲ್ಲ. ಮಹಿಳೆಯರ ಲೀಗ್ ಡಬ್ಲ್ಯುಎನ್‌ಬಿಎಯಲ್ಲಿ ಅಮೆರಿಕದ ಆಟಗಾರ್ತಿಗೆ ಡ್ರಾಫ್ಟ್ ವರ್ಷದಲ್ಲಿ 22 ತುಂಬಬೇಕು, ಇಲ್ಲವೇ ಡಿಗ್ರಿ ಮುಗಿದಿರಬೇಕು. ಹಾಗಾಗಿ ಬಹುತೇಕರು ನಾಲ್ಕು ವರ್ಷ ಕಾಲೇಜಿನಲ್ಲೇ ಇರುತ್ತಾರೆ. 2024ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಕೇಟ್ಲಿನ್ ಕ್ಲಾರ್ಕ್‌ಗೆ ಆ ವರ್ಷದ ಲೀಗ್ ಸಂಬಳ 76,535 ಡಾಲರ್ ಮಾತ್ರ. ಕಾಲೇಜಿನಲ್ಲಿ ಇನ್ನೊಂದು ವರ್ಷ ಆಡುವ ಅವಕಾಶ ಇದ್ದರೂ ಅವರು ಹೋದರು, ಜಾಹೀರಾತಿನ ದುಡ್ಡು ಎಲ್ಲಿ ಆಡಿದರೂ ಅವರ ಹಿಂದೆ ಬರುತ್ತಿತ್ತು. 2025ರಲ್ಲಿ ಒಲಿವಿಯಾ ಮೈಲ್ಸ್ ಇದರ ಉಲ್ಟಾ ಮಾಡಿದರು. ಡ್ರಾಫ್ಟ್‌ನಲ್ಲಿ ಮೇಲಿನ ಸ್ಥಾನ ಖಂಡಿತ ಸಿಗುತ್ತಿತ್ತು, ಅದನ್ನು ಬಿಟ್ಟು ನೋಟರ್ ಡೇಮ್ ಕಾಲೇಜಿನಿಂದ ಟಿಸಿಯು ಕಾಲೇಜಿಗೆ ಹೋಗಿ ಇನ್ನೊಂದು ವರ್ಷ ಕಾಲೇಜು ಆಟವನ್ನೇ ಆರಿಸಿಕೊಂಡರು.